ಅರವತ್ತೊಂದರ ಪಟ್ಟದ ವರ್ಗಾವಣೆ

ಸಾವಿರದ ಒಂಬೈನೂರ ಅರವತ್ತೊಂದನೆಯ ಸಾಲಿನಲ್ಲಿ ಟಾಲ್‌ಗ್ರಾಸ್ ಕಾಲೇಜು ಫುಟ್ಬಾಲ್ ಒಕ್ಕೂಟದ ಚಾಂಪಿಯನ್ ಯಾರು ಎಂಬ ಪ್ರಶ್ನೆಗೆ ಕಳೆದ ಮೇ ಮೂವತ್ತೊಂದನೆಯ ತಾರೀಖು ಸಂಜೆ ಐದು ಗಂಟೆಯವರೆಗೆ ಖಚಿತವಾದ ಉತ್ತರವಿತ್ತು. ಐದು ಗಂಟೆ ಒಂದು ನಿಮಿಷಕ್ಕೆ ಆ ಉತ್ತರ ಇಲ್ಲವಾಯಿತು. ಈ ಒಂದು ನಿಮಿಷದಲ್ಲಿ ಒಕ್ಕೂಟದ ಯಾವುದೇ ಮೈದಾನದಲ್ಲಿ ಯಾರೂ ಚೆಂಡನ್ನು ಮುಟ್ಟಿರಲಿಲ್ಲ.

ಉತ್ತರದ ಹೆಸರು ಹಾರ್ಲನ್‌ಬರಿ ಕಾಲೇಜು. ಅಯೋವಾ ರಾಜ್ಯದ ಹಾರ್ಲನ್‌ಬರಿ ಎಂಬ ಊರಿನಲ್ಲಿ ನೂರ ನಲವತ್ತು ವರ್ಷ ನಡೆದ ಈ ಕಾಲೇಜಿಗೆ ಕಳೆದ ವರ್ಷ ಹೊಸದಾಗಿ ಸೇರಿದವರು ನಲವತ್ತೊಂದು ಮಂದಿ. ಅವರಲ್ಲಿ ಮೂವತ್ತೆಂಟು ಮಂದಿ ಫುಟ್ಬಾಲ್, ಅಂದರೆ ಹೆಲ್ಮೆಟ್ಟು ತೊಟ್ಟು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್ಬಾಲ್, ಆಟಗಾರರು. ಉಳಿದ ಮೂವರು ದಾರಿ ತಪ್ಪಿ ಬಂದವರೆಂದು ಆಡಳಿತ ಮಂಡಳಿ ತೀರ್ಮಾನಿಸಿ, ಆ ಮೇ ಮೂವತ್ತೊಂದರ ಸಂಜೆ ಐದಕ್ಕೆ ಬಾಗಿಲು ಹಾಕಿತು.

ಒಕ್ಕೂಟದ ನಿಯಮಾವಳಿಯ ನಾಲ್ಕನೆಯ ಕಲಮು ಹೀಗಿದೆ: "ಚಾಂಪಿಯನ್ನರ ಪಟ್ಟಿಯಲ್ಲಿ ಸದಸ್ಯ ಕಾಲೇಜುಗಳ ಹೆಸರು ಮಾತ್ರ ಇರತಕ್ಕದ್ದು." ಬಹಳ ಹಿಂದೆ ಒಂದು ಕ್ಷೌರಿಕರ ತರಬೇತಿ ಶಾಲೆ ಸತತ ಎರಡು ವರ್ಷ ಗೆದ್ದುಬಿಟ್ಟಿದ್ದರಿಂದ, ಅಂಥದ್ದು ಮರುಕಳಿಸಬಾರದೆಂದು ಬರೆದ ಕಲಮು ಅದು. ಒಕ್ಕೂಟದ ದಾಖಲೆ ಕಾರ್ಯದರ್ಶಿಯಾಗಿ ಇಪ್ಪತ್ತಾರು ವರ್ಷ ಕೆಲಸ ಮಾಡಿರುವ ನಾನು ಐದು ಗಂಟೆ ಒಂದು ನಿಮಿಷಕ್ಕೆ ದಾಖಲೆ ಪುಸ್ತಕ ತೆಗೆದು, ಅಡಿಗೋಲು ಇಟ್ಟು, ಹಾರ್ಲನ್‌ಬರಿ ಎಂಬ ಹೆಸರಿನ ಮೇಲೆ ಒಂದು ಗೆರೆ ಎಳೆದೆ. ಗೆರೆ ನೇರವಾಗಿ ಬಂದಿತ್ತು.

ಮರುದಿನ ಬೆಳಿಗ್ಗೆ ಕಮಿಷನರ್ ಡ್ವೇನ್ ಹೂಕ್‌ಸ್ಟ್ರಾ ಅವರು ಪುಸ್ತಕ ನೋಡಿ ಗಾಬರಿಯಾದರು.

"ಏನ್ರೀ ಇದು, ಅರವತ್ತೊಂದರ ಮುಂದೆ ಬರೀ ಗೆರೆ?"

"ಕಾಲೇಜು ಮುಚ್ಚಿದೆ, ಕಮಿಷನರ್."

"ಮುಚ್ಚಲಿ ಬಿಡಿ. ಆದ್ರೆ ಜನ ಏನಂತಾರೆ? ಆ ವರ್ಷ ಯಾರೂ ಗೆಲ್ಲಲಿಲ್ಲ ಅಂತಾರೆ. ಎಂಟು ಕಾಲೇಜು ಆಡಿ ಎಂಟೂ ಸೋತ ಒಕ್ಕೂಟ ಅಂತ ಹೆಸರು ಬರತ್ತೆ. ಬೇರೆ ಯಾರಿಗಾದ್ರೂ ಕೊಟ್ಬಿಡಿ."

"ಪಟ್ಟ ಕೊಡೋದಕ್ಕೆ ನಮ್ಮಲ್ಲಿ ಫಾರಂ ಇಲ್ಲ."

"ಯಾವ ಫಾರಂ ಇದೆ?"

"ಆಟಗಾರರು ಒಂದು ಕಾಲೇಜಿಂದ ಇನ್ನೊಂದಕ್ಕೆ ಹೋಗೋ ಫಾರಂ ಒಂದೇ ಇರೋದು."

"ಅದೇ ಹಾಕಿ," ಎಂದರು ಕಮಿಷನರ್. "ಹೋಗೋದು ಮುಖ್ಯ. ಯಾರು ಹೋಗ್ತಾರೆ ಅನ್ನೋದು ಆಮೇಲೆ."

ಈಗಿನ ಆಟಗಾರರು ವರ್ಷ ಮುಗಿದ ಕೂಡಲೇ ಕಾಲೇಜು ಬದಲಿಸಲು ಒಕ್ಕೂಟದ ಜಾಲತಾಣವಾದ ವರ್ಗಾವಣೆ ಪೋರ್ಟಲ್‌ನಲ್ಲಿ ಹೆಸರು ಹಾಕುತ್ತಾರೆ. ಹೆಸರು ಕಂಡ ಕೋಚ್‌ಗಳು ಫೋನು ಮಾಡುತ್ತಾರೆ, ಮನೆಗೆ ಬರುತ್ತಾರೆ, ತಾಯಿಯ ಅಡುಗೆ ಹೊಗಳುತ್ತಾರೆ. ನಾನು ಅರವತ್ತೊಂದರ ಪಟ್ಟವನ್ನು ಅದೇ ಪೋರ್ಟಲ್‌ಗೆ ಏರಿಸಿದೆ. ಹೆಸರು: ಅರವತ್ತೊಂದು. ಎತ್ತರ: ಮೂವತ್ತೊಂದು ಅಂಗುಲ, ಏಕೆಂದರೆ ಆ ವರ್ಷ ಗೆದ್ದವರಿಗೆ ಕೊಟ್ಟ ಕಪ್ಪು ಅಷ್ಟೆತ್ತರ ಇತ್ತು. ತೂಕ: ಹದಿನಾಲ್ಕು ಪೌಂಡು. ಆಡುವ ಸ್ಥಾನ: ಪ್ರಥಮ. ಹಿಂದಿನ ಗಾಯಗಳು: ಎಡ ಹಿಡಿ ಒಮ್ಮೆ ಮುರಿದು ಬೆಸುಗೆ ಹಾಕಲಾಗಿದೆ. ಕೊನೆಯ ಕಾಲಂ ಅನ್ನು ಕಂಪ್ಯೂಟರ್ ತಾನೇ ಲೆಕ್ಕ ಹಾಕಿ ತುಂಬಿತು: "ಒಬ್ಬ ಆಟಗಾರನಿಗೆ ಆಡಲು ಅನುಮತಿ ಇರುವ ಒಟ್ಟು ವರ್ಷ ನಾಲ್ಕು. ಬಳಸಿದ್ದು ಒಂದು. ಉಳಿದಿದ್ದು ಮೂರು."

ಈ ಕೊನೆಯ ಸಾಲನ್ನು ನಾನು ಎರಡು ಬಾರಿ ಓದಿದೆ. ತಪ್ಪೇನೂ ಕಾಣಲಿಲ್ಲ. ಅರವತ್ತೊಂದರ ಪಟ್ಟವನ್ನು ಒಂದೇ ವರ್ಷ ಉಪಯೋಗಿಸಲಾಗಿತ್ತು. ಅದನ್ನು ಪಡೆಯುವ ಕಾಲೇಜು ಇನ್ನೂ ಮೂರು ವರ್ಷ, ಅಂದರೆ ಈ ವರ್ಷದಿಂದ ಮೊದಲುಗೊಂಡು ಸತತವಾಗಿ, ಮೈದಾನಕ್ಕೆ ಇಳಿಯುವ ತೊಂದರೆಯಿಲ್ಲದೆ ಚಾಂಪಿಯನ್ ಆಗಬಹುದಿತ್ತು.

ಮಧ್ಯಾಹ್ನದೊಳಗೆ ಮೂರು ಕಾಲೇಜುಗಳು ಫೋನು ಮಾಡಿದವು.

ಫಾರಂನ ಕೆಳಗೆ ವಿದ್ಯಾರ್ಥಿಯ ಸಹಿ ಬೇಕಿತ್ತು. ಕಪ್ಪಿಗೆ ಮೂರು ದಿನದ ನೋಟಿಸು ನೀಡಿದೆವು. ಉತ್ತರ ಬಾರದ ಕಾರಣ, ಆ ವರ್ಷದ ತಂಡದ ಯಾರಾದರೊಬ್ಬರು ಅದರ ಪರವಾಗಿ ಸಹಿ ಹಾಕಬಹುದೆಂದು ಕಮಿಷನರ್ ಆದೇಶಿಸಿದರು. ಇಪ್ಪತ್ಮೂರು ಆಟಗಾರರಲ್ಲಿ ಬದುಕಿದ್ದವರು ಒಬ್ಬರೇ. ವರ್ಲಿನ್ ಟ್ವೆಡ್, ವಯಸ್ಸು ಎಂಬತ್ತನಾಲ್ಕು, ಜೋಳದ ಗೋದಾಮಿನಲ್ಲಿ ತೂಕ ಹಾಕಿ ನಿವೃತ್ತರಾದವರು. ನಾನು ಫಾರಂ ಹಿಡಿದು ಹಾರ್ಲನ್‌ಬರಿಗೆ ಹೋದೆ.

ಅವರ ಪರಿಚಯ ಮೂಗಿನಿಂದಲೇ ಆಗಬೇಕು. ವರ್ಲಿನ್ ನಿಮ್ಮ ಜೊತೆ ಮಾತಾಡುವಾಗ ಅವರ ಕಣ್ಣು ನಿಮ್ಮನ್ನು ನೋಡುತ್ತದೆ, ಮೂಗು ಮಾತ್ರ ನಿಮ್ಮ ಬಲಕ್ಕೆ ಕೂತವರನ್ನು ನೋಡುತ್ತದೆ. ಅರವತ್ತೊಂದರ ನವೆಂಬರಿನಲ್ಲಿ, ಹಿಮ ಬೀಳುತ್ತಿದ್ದ ಕೊನೆಯ ಪಂದ್ಯದಲ್ಲಿ, ಹಾರ್ಲನ್‌ಬರಿ ಏಳು, ಆರ್ಮ್‌ಬ್ರಸ್ಟರ್ ವಿಶ್ವವಿದ್ಯಾಲಯ ಆರು. ಆರ್ಮ್‌ಬ್ರಸ್ಟರ್‌ಗೆ ಇನ್ನೊಂದು ಅಂಕ ಸಿಕ್ಕಿದರೆ ಸಮ. ಅದಕ್ಕಾಗಿ ಚೆಂಡನ್ನು ಕಂಬಗಳ ನಡುವೆ ಒದೆಯಬೇಕಿತ್ತು. ಒದ್ದವನ ಹೆಸರು ಗೇಲನ್ ಸ್ಟಾಕ್. ಚೆಂಡು ಮೇಲೆದ್ದಿತು, ವರ್ಲಿನ್ ಹಾರಿದರು. ಹಾರ್ಲನ್‌ಬರಿಯವರ ಹಳೆಯ ಹೆಲ್ಮೆಟ್ಟುಗಳಿಗೆ ಮುಖದ ಮುಂದೆ ಅಡ್ಡಸರಳು ಇರಲಿಲ್ಲ. ಚೆಂಡು ಮೂಗಿಗೆ ಬಡಿದು ವಾಪಸು ಬಂತು. ದಾಖಲೆ ಪುಸ್ತಕದಲ್ಲಿ ಅರವತ್ನಾಲ್ಕು ವರ್ಷ ಒಂದು ಸಾಲು ಇತ್ತು: "ಒದೆತ ತಡೆದವರು: ಟ್ವೆಡ್."

ಮೂರು ವರ್ಷದ ಮೇಲೆ ವರ್ಲಿನ್ ಮದುವೆಯಾದರು. ಹುಡುಗಿ ಗೇಲನ್‌ನ ಅಕ್ಕ ಡೊರೀನ್. ಗೇಲನ್ ಈಗ ಬೇಲಿಯ ಆಚೆಯ ಮನೆಯಲ್ಲಿದ್ದಾರೆ.

ನಾನು ಅಡುಗೆಮನೆಯ ಮೇಜಿನ ಮೇಲೆ ಫಾರಂ ಇಟ್ಟಾಗ ಗೇಲನ್ ಬಾಗಿಲು ಬಡಿಯದೆ ಒಳಗೆ ಬಂದರು.

"ಏನಪ್ಪಾ, ಕಾಲೇಜಿಲ್ಲದ ಚಾಂಪಿಯನ್ನು! ಕೇಳಿದೆ, ಕೇಳಿದೆ. ನಿನ್ನ ಹೆಸರಿನ ಮೇಲೆ ಗೆರೆ ಎಳೆದ್ರಂತೆ."

"ನಿನ್ನ ಹೆಸರಿನ ಮೇಲೆ ಗೆರೆ ಎಳೆಯೋಕೆ ಅದು ಪುಸ್ತಕದಲ್ಲೇ ಇಲ್ಲವಲ್ಲೋ," ಎಂದರು ವರ್ಲಿನ್.

"ಆ ಚೆಂಡು ನೆಟ್ಟಗೆ ಹೋಗ್ತಿತ್ತು ಕಣೋ. ಸರೀ ನಡುವೆ. ನಿನ್ನ ಮೂಗು ಬಂತು ಮಧ್ಯ."

"ಬಂತು. ಅದಕ್ಕೇ ನಾನು ಗೆದ್ದೆ, ನೀನು ಸೋತೆ."

"ಶುರುವಾಯ್ತು," ಎಂದರು ಡೊರೀನ್. "ಇನ್ನು ಕಾಫಿ ಆರೋವರೆಗೂ ಇದೇ."

ವರ್ಲಿನ್ ಫಾರಂ ಓದಿದರು. ಆಮೇಲೆ ನನ್ನನ್ನು ಕೇಳಿದರು: "ನಂಗೆ ಒಂದೇ ಬೇಕಾಗಿರೋದು. ಅರವತ್ತೊಂದರ ಮುಂದೆ ಹಾರ್ಲನ್‌ಬರಿ ಅಂತ ಇರಬೇಕು. ಇಷ್ಟು ವರ್ಷ ಇತ್ತಲ್ಲ, ಹಾಗೇ ಬಿಡೋಕಾಗಲ್ವಾ?"

"ಆಗಲ್ಲ, ಮಿಸ್ಟರ್ ಟ್ವೆಡ್. ಆ ಹೆಸರಿನ ಸದಸ್ಯರಿಲ್ಲ. ನೀವು ಯಾವ ಕಾಲೇಜಿಗೆ ಸಹಿ ಹಾಕ್ತೀರೋ ಆ ಹೆಸರು ಬರತ್ತೆ."

"ಹಾಕದೇ ಇದ್ರೆ?"

"ಹದಿನೈದನೇ ತಾರೀಖಿಗೆ ಪೋರ್ಟಲ್ ಮುಚ್ಚತ್ತೆ. ಆಮೇಲೆ ಆ ವರ್ಷ ಯಾರೂ ಗೆದ್ದಿಲ್ಲ ಅಂತಾಗತ್ತೆ."

ಗೇಲನ್ ಚಮಚ ಕೆಳಗಿಟ್ಟರು. "ಆರ್ಮ್‌ಬ್ರಸ್ಟರ್‌ಗೆ ಹಾಕಿದ್ರೆ?"

"ಅರವತ್ತೊಂದರ ಚಾಂಪಿಯನ್ ಆರ್ಮ್‌ಬ್ರಸ್ಟರ್. ಆ ವರ್ಷದ ಆರ್ಮ್‌ಬ್ರಸ್ಟರ್ ಆಟಗಾರರೆಲ್ಲ ಚಾಂಪಿಯನ್ನರು."

"ಸೋತ ಪಂದ್ಯಕ್ಕೇ?"

"ನಿಯಮದಲ್ಲಿ ಅಡ್ಡಿಯಿಲ್ಲ."

ಮರುದಿನ ಬೆಳಿಗ್ಗೆ ಗೇಲನ್ ತಮ್ಮ ಯಂತ್ರ ತಂದು ವರ್ಲಿನ್ ಅವರ ಅಂಗಳದ ಹುಲ್ಲು ಕತ್ತರಿಸಿದರು. ಅದರ ಮರುದಿನ ಮಳೆನೀರಿನ ಕೊಳವೆ ಶುಚಿ ಮಾಡಿದರು. ಮೂರನೆಯ ದಿನ ತಮ್ಮ ಹಿತ್ತಲಿನ ಸ್ಟ್ರಾಬೆರಿ ಒಂದು ಬುಟ್ಟಿ ತಂದರು. "ಅಕ್ಕ ಅಂತ ಒಂದು ಹಣ್ಣು ಕೊಟ್ಟವನಲ್ಲ," ಎಂದು ಡೊರೀನ್ ನನಗೆ ಹೇಳಿದರು. "ಇನ್ನೆರಡು ವಾರ ಹೀಗೇ ಇದ್ರೆ ಮನೆಗೆ ಬಣ್ಣ ಹೊಡೆಸಿಕೊಳ್ತೀನಿ."

ಕೋಚ್‌ಗಳ ಭೇಟಿ ಶುರುವಾಯಿತು. ನಿಯಮದಂತೆ ಪ್ರತಿ ಭೇಟಿಗೂ ನಾನು ಹಾಜರಿದ್ದು ಟಿಪ್ಪಣಿ ಮಾಡಿಕೊಂಡೆ. ಆರ್ಮ್‌ಬ್ರಸ್ಟರ್‌ನ ಕೋಚ್ ಟ್ರೆಂಟ್ ಮೋಲ್‌ಮನ್ ಇಬ್ಬರು ಸಹಾಯಕರ ಜೊತೆ ಬಂದರು. ಆರ್ಮ್‌ಬ್ರಸ್ಟರ್ ಬಳಿ ಆಗಲೇ ಇಪ್ಪತ್ತೆರಡು ಪಟ್ಟಗಳಿವೆ. ಸ್ಟೇಡಿಯಮ್ಮಿನ ಗೋಡೆಯಲ್ಲಿ ಇಪ್ಪತ್ತಾರು ಕಲ್ಲು ಕೂರಿಸಿಬಿಟ್ಟಿದ್ದರಿಂದ ನಾಲ್ಕರ ಕೊರತೆ ಇತ್ತು. ಒಂದು ಹಳೆಯದು, ಮೂರು ಹೊಸದು, ಲೆಕ್ಕ ಸರಿಹೋಗುತ್ತಿತ್ತು.

"ಡೊರೀನ್, ಇಂಥ ಹಣ್ಣಿನ ಪೈ ನನ್ನ ಜೀವಮಾನದಲ್ಲೇ ತಿಂದಿಲ್ಲ," ಎಂದರು ಕೋಚ್.

"ನಿನ್ನೆ ಲಾರ್ಕಿನ್ ಕಾಲೇಜಿನವರೂ ಹಾಗೇ ಅಂದ್ರು. ಪೆಟ್ರೋಲ್ ಬಂಕಿನ ಅಂಗಡೀಲಿ ಕೊಂಡಿದ್ದು ಅದು."

ಕೋಚ್ ವಿಚಲಿತರಾಗಲಿಲ್ಲ. ವರ್ಲಿನ್ ಅವರ ಮೊಣಕಾಲಿನ ಮೇಲೆ ಕೈ ಇಟ್ಟು, "ವರ್ಲಿನ್, ನಮ್ಮಲ್ಲಿ ನೀವು ಬರೀ ಆಟಗಾರ ಅಲ್ಲ, ಮನೆಮಗ. ನಿಮ್ಮ ಬೆಳವಣಿಗೆ ನನ್ನ ಹೊಣೆ. ಇನ್ನು ಮೂರು ವರ್ಷದಲ್ಲಿ ನೀವು ಎಲ್ಲಿರಬೇಕು ಅಂತ ಅಂದ್ಕೊಂಡಿದ್ದೀರಿ?" ಎಂದರು.

"ಉಸಿರಾಡ್ತಾ ಇರಬೇಕು ಅಂತ."

"ಅದಕ್ಕೆ ನಮ್ಮಲ್ಲಿ ಒಳ್ಳೇ ವ್ಯವಸ್ಥೆ ಇದೆ."

"ಗೋಡೆ ಮೇಲೆ ಹಾರ್ಲನ್‌ಬರಿ ಅಂತ ಕೆತ್ತಿಸ್ತೀರಾ?"

ಕೋಚ್ ಸಹಾಯಕರ ಕಡೆ ನೋಡಿದರು. ಸಹಾಯಕರು ಪೈ ಕಡೆ ನೋಡಿದರು.

ಕೊನೆಗೆ ಬಂದವರು ಸೇಂಟ್ ವೆಂಡೆಲಿನ್ ಎಂಬ ಕ್ಯಾಥೊಲಿಕ್ ಕಾಲೇಜಿನ ಅಧ್ಯಕ್ಷೆ, ಸನ್ಯಾಸಿನಿ ಸಿಸ್ಟರ್ ಬರ್ನಿಟಾ. ತಾವೇ ಪಿಕಪ್ ಗಾಡಿ ಓಡಿಸಿಕೊಂಡು ಒಬ್ಬರೇ ಬಂದರು. ತೊಂಬತ್ತೇಳು ವರ್ಷದಲ್ಲಿ ಸೇಂಟ್ ವೆಂಡೆಲಿನ್ ಒಮ್ಮೆಯೂ ಗೆದ್ದಿಲ್ಲ. ಅರವತ್ತೊಂದರಲ್ಲಿ ಏಳಕ್ಕೆ ಏಳೂ ಸೋತಿತ್ತು.

"ನೀವೇನು ಕೊಡ್ತೀರಿ, ಸಿಸ್ಟರ್?"

"ಏನೂ ಇಲ್ಲ. ಶುಕ್ರವಾರ ಮೀನು ಕರೀತೀವಿ, ಊಟಕ್ಕೆ ಬನ್ನಿ. ನಿಮಗೋಸ್ಕರ ಪ್ರಾರ್ಥನೆ ಮಾಡ್ತೀವಿ. ಆದ್ರೆ ಫುಟ್ಬಾಲಿನ ವಿಷಯದಲ್ಲಿ ಅದು ಇದುವರೆಗೆ ಕೆಲಸ ಮಾಡಿಲ್ಲ, ಮೊದಲೇ ಹೇಳಿಬಿಡ್ತೀನಿ."

"ನಾನು ಲೂಥರನ್ ಪಂಗಡದೋನು."

"ಕಪ್ಪಿಗೆ ಪಂಗಡ ಇಲ್ಲ. ಅದೂ ಅಲ್ದೆ, ನಮ್ಮ ಹುಡುಗರು ಒಂದ್ಸಲ ಗೆಲ್ಲಲಿ ಅಂತ ಆಸೆ. ಆಡದೇ ಗೆಲ್ಲೋದಾದ್ರೆ ಇನ್ನೂ ಒಳ್ಳೇದು. ಆಡಿದ್ರೆ ಏಟು ತಿಂತಾರೆ, ಪಾಪ."

ಜೂನ್ ಹದಿನಾಲ್ಕರಂದು ಟೋಪಿ ಕಾರ್ಯಕ್ರಮ ನಡೆಯಿತು. ಬೇಡಿಕೆಯ ಆಟಗಾರ ಮೇಜಿನ ಮೇಲೆ ಕಾಲೇಜುಗಳ ಟೋಪಿ ಇಟ್ಟುಕೊಂಡು, ಕ್ಯಾಮೆರಾ ಮುಂದೆ ಒಂದನ್ನು ತಲೆಗಿಟ್ಟುಕೊಳ್ಳುವುದು ಇಲ್ಲಿಯ ವಾಡಿಕೆ. ಸಾಮಾನ್ಯವಾಗಿ ಹದಿನೇಳು ಹದಿನೆಂಟರ ಹುಡುಗರು ಇದನ್ನು ಮಾಡುತ್ತಾರೆ. ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಮಡಚುವ ಮೇಜು ಹಾಕಿ ಮೂರು ಟೋಪಿ ಇಟ್ಟಿದ್ದರು. ಮೂರು ಟಿವಿ ಚಾನೆಲ್‌ಗಳು, ನಾನೂರು ಜನ, ಎರಡು ಹಂಡೆ ಕಾಫಿ. ವರ್ಲಿನ್ ಕೋಟು ಹಾಕಿಕೊಂಡು ಬಂದು ಕೂತರು. ಅವರ ಕೈ ಮೆಲ್ಲಗೆ ಆರ್ಮ್‌ಬ್ರಸ್ಟರ್‌ನ ನೀಲಿ ಟೋಪಿಯ ಕಡೆ ಹೋಯಿತು. ಮೊದಲ ಸಾಲಿನಲ್ಲಿದ್ದ ಗೇಲನ್ ಅರ್ಧ ಎದ್ದು ನಿಂತರು. ಕೈ ಅಲ್ಲೇ ನಿಂತಿತು. ವರ್ಲಿನ್ ಗೇಲನ್‌ನ ಮುಖವನ್ನು ಚೆನ್ನಾಗಿ ನೋಡಿಕೊಂಡರು. ಆಮೇಲೆ ಪಕ್ಕದ ಸೇಂಟ್ ವೆಂಡೆಲಿನ್ ಟೋಪಿ ತೆಗೆದು ತಲೆಗಿಟ್ಟರು.

"ಕಾರಣ ಏನು ಸಾರ್?" ಎಂದು ಟಿವಿಯವರು ಕೇಳಿದರು.

"ಕಾರಣ ಮೊದಲನೇ ಸಾಲಲ್ಲಿ ನಿಂತಿದೆ, ನೋಡಿ."

ಜನ ಚಪ್ಪಾಳೆ ತಟ್ಟಿದರು. "ಹುಲ್ಲು ಕತ್ತರಿಸಿದ್ದು ದಂಡ!" ಎಂದು ಗೇಲನ್ ಕೂಗಿದರು. ವರ್ಲಿನ್ ಫಾರಂಗೆ ಸಹಿ ಹಾಕಿದ ಮೇಲೆ ನಾನು ಮೇಜಿನ ಮೇಲೇ ಪುಸ್ತಕ ತೆರೆದು ಅರವತ್ತೊಂದರ ಮುಂದೆ ಸೇಂಟ್ ವೆಂಡೆಲಿನ್ ಎಂದು ಬರೆದೆ. ವರ್ಲಿನ್ ಬಗ್ಗಿ ಓದಿದರು. ಟೋಪಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಕಾಫಿ ಕುಡಿದರು.

ಸೇಂಟ್ ವೆಂಡೆಲಿನ್ ಈ ವರ್ಷದ ಚಾಂಪಿಯನ್ ಎಂದು ಜೂನ್ ಹದಿನಾರರಂದೇ ಘೋಷಿಸಲಾಯಿತು. ಅವರ ಕೋಚ್ ತಂಡಕ್ಕೆ ರಜೆ ಕೊಟ್ಟು ಮೀನು ಹಿಡಿಯಲು ಹೋದರು. ಉಳಿದ ಆರು ಕಾಲೇಜುಗಳು ತಮ್ಮ ಭಿತ್ತಿಪತ್ರಗಳಲ್ಲಿ "ಚಾಂಪಿಯನ್ ಪಟ್ಟಕ್ಕಾಗಿ ಹೋರಾಟ" ಎಂಬುದರ ಮೇಲೆ "ಎರಡನೇ ಸ್ಥಾನಕ್ಕಾಗಿ ಹೋರಾಟ" ಎಂಬ ಚೀಟಿ ಅಂಟಿಸಿದವು. ಟಿಕೆಟ್ ಮಾರಾಟದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಜುಲೈನಲ್ಲಿ ಆರ್ಮ್‌ಬ್ರಸ್ಟರ್ ಮೇಲ್ಮನವಿ ಸಲ್ಲಿಸಿತು. ವಾದ ಸರಳವಾಗಿತ್ತು. ವರ್ಗಾವಣೆ ಫಾರಂನಲ್ಲಿ ವಿದ್ಯಾರ್ಥಿಯ ಜಾಗದಲ್ಲಿ ಸಹಿ ಹಾಕಿದ್ದರಿಂದ ವರ್ಲಿನ್ ಟ್ವೆಡ್ ಅರವತ್ತೊಂದನೆಯ ಸಾಲಿಗೆ ಅನ್ವಯವಾಗುವಂತೆ ಸೇಂಟ್ ವೆಂಡೆಲಿನ್‌ನ ಆಟಗಾರರಾಗಿದ್ದಾರೆ. ಆದ್ದರಿಂದ ಹಾರ್ಲನ್‌ಬರಿ ಮತ್ತು ಆರ್ಮ್‌ಬ್ರಸ್ಟರ್ ನಡುವಿನ ಪಂದ್ಯದಲ್ಲಿ ಅವರು ಹೊರಗಿನವರು. ಹೊರಗಿನವರ ಮೂಗಿಗೆ ಬಡಿದ ಚೆಂಡನ್ನು ತಡೆದಂತಾಗುವುದಿಲ್ಲ. ಅಡಚಣೆಯ ಕಾರಣ ಒದೆತವನ್ನು ಮತ್ತೆ ನಡೆಸತಕ್ಕದ್ದು. ಚೆಂಡು ಕಂಬಗಳ ನಡುವೆ ಹೋದರೆ ಪಂದ್ಯ ಏಳು–ಏಳು, ಪಟ್ಟದಲ್ಲಿ ಅರ್ಧ ಆರ್ಮ್‌ಬ್ರಸ್ಟರ್‌ಗೆ.

ನಾನು ನಿಯಮಾವಳಿ ತಿರುವಿದೆ. ವಾದದಲ್ಲಿ ದೋಷವಿರಲಿಲ್ಲ.

"ಅರ್ಧ ಆದ್ರೂ ಸಾಕು," ಎಂದು ಗೇಲನ್ ಬೇಲಿಯ ಮೇಲೆ ಕೈಯಿಟ್ಟು ಹೇಳಿದರಂತೆ. "ಇಷ್ಟು ವರ್ಷ ಕಾಲು ಭಾಗಾನೂ ಇರ್ಲಿಲ್ಲ."

ಸೆಪ್ಟೆಂಬರ್ ಎರಡನೆಯ ಶನಿವಾರಕ್ಕೆ ಮರು ಒದೆತ ನಿಗದಿಯಾಯಿತು. ಸ್ಥಳ ಅದೇ ಇರಬೇಕು: ಹಾರ್ಲನ್‌ಬರಿ ಕಾಲೇಜಿನ ಮೈದಾನ. ಅದನ್ನು ಕೊಂಡ ರೈತ ಅಷ್ಟರಲ್ಲಿ ಸೋಯಾ ಬಿತ್ತಿದ್ದ. ಬೆಳೆ ಸೊಂಟದ ಹತ್ತಿರ ಬಂದಿತ್ತು. ಗೋಲ್ ಕಂಬ ಮಾತ್ರ ನಡುವೆ ನಿಂತಿತ್ತು. ಆದೇಶ ಸಂಖ್ಯೆ ಹದಿನೇಳರ ಪ್ರಕಾರ ಸೋಯಾವನ್ನು ಹುಲ್ಲೆಂದು ಪರಿಗಣಿಸತಕ್ಕದ್ದು. ಅಂದು ಹಿಮ ಬೀಳುತ್ತಿದ್ದುದರಿಂದ ಇಂದೂ ಹಿಮ ಬೀಳುತ್ತಿದೆಯೆಂದು ಭಾವಿಸತಕ್ಕದ್ದು. ಪ್ರೇಕ್ಷಕರು ಉಣ್ಣೆಯ ಕೋಟು ಧರಿಸತಕ್ಕದ್ದು. ವರ್ಲಿನ್ ಟ್ವೆಡ್ ಅವರ ಮೂಗನ್ನು ಚೆಂಡಿನಿಂದ ಕನಿಷ್ಠ ಮೂವತ್ತು ಗಜ ದೂರ ಇರಿಸತಕ್ಕದ್ದು. ಅಂದು ಎದುರಿಗೆ ನಿಂತಿದ್ದ ಉಳಿದ ಹಾರ್ಲನ್‌ಬರಿ ಆಟಗಾರರು ತೀರಿಕೊಂಡಿದ್ದರಿಂದ, ಗೇಲನ್‌ಗೆ ಎದುರಾಗಿ ಯಾರೂ ಇರತಕ್ಕದ್ದಲ್ಲ.

ಆ ದಿನ ಎಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ನಾಲ್ಕು ಸಾವಿರ ಜನ ಕೋಟು, ಕೈಗವಸು, ಕುತ್ತಿಗೆಗೆ ಮಫ್ಲರ್ ಹಾಕಿಕೊಂಡು ಸೋಯಾ ಸಾಲುಗಳ ನಡುವೆ ನಿಂತರು. ಒಂಬತ್ತು ಜನ ಎಚ್ಚರ ತಪ್ಪಿದರು. ಅವರಿಗೆ ಹಿಮದ ಹೊಡೆತವೆಂದು ನಮೂದಿಸಲಾಯಿತು. ಅಂದು ಒದೆಯುವವನಿಗಾಗಿ ಚೆಂಡನ್ನು ನೆಲದ ಮೇಲೆ ನಿಲ್ಲಿಸಿ ಹಿಡಿದಿದ್ದವನೂ ಬದುಕಿರಲಿಲ್ಲವಾದ್ದರಿಂದ ಕಮಿಷನರ್ ಹೂಕ್‌ಸ್ಟ್ರಾ ಅವರೇ ಮಂಡಿಯೂರಿ ಚೆಂಡು ಹಿಡಿದರು. ಗೇಲನ್ ಅಟ್ಟದ ಮೇಲಿಂದ ಇಳಿಸಿದ ಚಪ್ಪಟೆ ಮೂತಿಯ ಬೂಟು ಹಾಕಿದ್ದರು. ಮೂರು ಹೆಜ್ಜೆ ಹಿಂದೆ ಹೋದರು. ಎದುರಿಗೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ. ವರ್ಲಿನ್ ದೂರದಲ್ಲಿ ಮಡಚುವ ಕುರ್ಚಿಯ ಕೈ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು.

ಗೇಲನ್ ಒದ್ದರು. ಚೆಂಡು ಆರು ಗಜ ಹೋಗಿ ಸೋಯಾದಲ್ಲಿ ಮಲಗಿತು.

ರೆಫರಿ ಕೈ ಅಡ್ಡ ಬೀಸಿದರು. ವರ್ಲಿನ್ ಕುರ್ಚಿಯಿಂದ ಎದ್ದೇ ಎದ್ದರು.

"ನೋಡಿದ್ಯೇನೋ! ಯಾರೂ ತಡೀಲಿಲ್ಲ, ಆದ್ರೂ ಹೋಗಲಿಲ್ಲ! ನಾನು ಬೇಕಾಗೇ ಇರ್ಲಿಲ್ಲ!"

ಡೊರೀನ್ ಕೋಟಿನ ಗುಂಡಿ ಬಿಚ್ಚುತ್ತ ಕೇಳಿದರು: "ಅಂದ್ರೆ ಆವತ್ತೂ ಹೋಗ್ತಿರ್ಲಿಲ್ಲ ಅಂತಾಯ್ತು?"

"ಅಲ್ವೇ ಮತ್ತೆ!"

"ಹಾಗಾದ್ರೆ ಮೂಗು ಯಾಕೆ ಒಡೆಸ್ಕೊಂಡ್ರಿ? ಸುಮ್ನೆ ಪಕ್ಕಕ್ಕೆ ನಿಂತಿದ್ರೆ ಗೆಲ್ತಿದ್ದಿರಲ್ಲ. ಅರವತ್ತೊಂದು ವರ್ಷ ಆ ಮೂಗಿನ ಗೊರಕೆ ಕೇಳಿದೀನಿ ನಾನು. ಅದೆಲ್ಲ ದಂಡಕ್ಕಾ?"

ವರ್ಲಿನ್ ಮೂಗು ಮುಟ್ಟಿ ನೋಡಿಕೊಂಡರು. ನಾನು ಆಗಲೇ ಪುಸ್ತಕದಲ್ಲಿ "ಒದೆತ ತಡೆದವರು: ಟ್ವೆಡ್" ಎಂಬುದನ್ನು ಹೊಡೆದುಹಾಕಿ, "ಒದೆತ, ಯಾರ ತಡೆಯೂ ಇಲ್ಲದೆ, ತಾನಾಗಿಯೇ ವಿಫಲ: ಸ್ಟಾಕ್" ಎಂದು ತಿದ್ದಿದ್ದೆ. ಅದನ್ನು ಓದಿ ಹೇಳಿದಾಗ ಗೇಲನ್ ಸೋಯಾ ಮಧ್ಯೆಯೇ ಕೂತುಬಿಟ್ಟರು. ಚೆಂಡು ನೆಟ್ಟಗೆ ಹೋಗುತ್ತಿತ್ತೆಂದು ಅವರು ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳಿಕೊಂಡು ಬಂದಿದ್ದರು. ಈಗ ಅವರ ಹೆಸರು ಕೊನೆಗೂ ಪುಸ್ತಕಕ್ಕೆ ಬಂದಿತ್ತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಚೇರಿಯ ಬಾಗಿಲು ತೆಗೆದಾಗ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ನೂರ ನಲವತ್ತು ಮೈಲಿ ಒಂದೇ ಕಾರಿನಲ್ಲಿ ಬಂದಿದ್ದರು. ಜಂಟಿ ಅರ್ಜಿ ತಂದಿದ್ದರು. ಡೊರೀನ್ ಅವರ ಕೈಬರಹ.

"ನನ್ನ ಚೆಂಡು ಹೋಗ್ತಿತ್ತು. ಇವನು ತಡೆದ," ಎಂದರು ಗೇಲನ್.

"ಖಂಡಿತ ಹೋಗ್ತಿತ್ತು," ಎಂದರು ವರ್ಲಿನ್. "ನಾನು ಕಣ್ಣಾರೆ ನೋಡಿದ್ದೀನಿ. ಬಹಳ ಹತ್ತಿರದಿಂದ."

"ಶನಿವಾರ ಹೋಗಲಿಲ್ಲವಲ್ಲ?" ಎಂದೆ ನಾನು.

"ಎದುರಿಗೆ ಇವನಿಲ್ದೇ ಎತ್ತ ಅಂತ ಒದೀಲಿ?" ಗೇಲನ್‌ಗೆ ನಿಜವಾಗಿಯೂ ಕೋಪ ಬಂದಿತ್ತು. "ಜೀವಮಾನವೆಲ್ಲ ಆ ಮೂಗಿನ ಮೇಲಿಂದ ಒದೀಬೇಕು ಅಂತ ಕನಸು ಕಂಡಿರೋನು ನಾನು. ಖಾಲಿ ಜಾಗದಲ್ಲಿ ನಿಲ್ಸಿದ್ರಿ!"

ಕಮಿಷನರ್ ಅವರಿಬ್ಬರಿಗೂ ಕಾಫಿ ತರಿಸಿ ನನ್ನನ್ನು ಒಳಗೆ ಕರೆದರು. "ಏನಾದ್ರೂ ಮಾಡಿ. ಆ ಮುದುಕರ ಮುಖ ನೋಡೋಕಾಗ್ತಿಲ್ಲ."

"ಮಾಡೋದು ನಮ್ಮ ಕೆಲಸ ಅಲ್ಲ. ಏನಿದೆಯೋ ಅದನ್ನ ಓದೋದು ನಮ್ಮ ಕೆಲಸ," ಎಂದೆ. ಮೂಲ ಫಾರಂ ತೆಗೆದು ಒಂದೊಂದೇ ಕಾಲಂ ಓದಿದೆ. ಎತ್ತರ ಇತ್ತು. ತೂಕ ಇತ್ತು. ಗಾಯ ಇತ್ತು. ಮೂರನೆಯ ಓದಿನಲ್ಲಿ ವಿಷಯ ಕಣ್ಣಿಗೆ ಬಿತ್ತು, ಮತ್ತು ಇಷ್ಟು ದಿನ ಕಾಣದಿದ್ದುದಕ್ಕೆ ನನಗೆ ನಾಚಿಕೆಯಾಯಿತು. ಫಾರಂನಲ್ಲಿ ಮೂಗಿನ ಕಾಲಂ ಇಲ್ಲ.

ಯಾವುದನ್ನು ಫಾರಂನಲ್ಲಿ ನಮೂದಿಸಿಲ್ಲವೋ ಅದು ವರ್ಗಾವಣೆಯಾಗಿಲ್ಲ. ವರ್ಲಿನ್ ಟ್ವೆಡ್ ಸೇಂಟ್ ವೆಂಡೆಲಿನ್‌ಗೆ ಹೋದರು. ಅವರ ಮೂಗು ಹೋಗಲಿಲ್ಲ. ಅದು ಅರವತ್ತೊಂದರಿಂದ ಇಂದಿನವರೆಗೆ ಹಾರ್ಲನ್‌ಬರಿ ಕಾಲೇಜಿನಲ್ಲೇ ಇದೆ. ಮೂಗು ಹಾರ್ಲನ್‌ಬರಿಯದ್ದಾದರೆ ತಡೆದದ್ದು ಸರಿ. ತಡೆದದ್ದು ಸರಿಯಾದರೆ ಮರು ಒದೆತ ನಡೆಯಲೇಬಾರದಿತ್ತು, ನಡೆಯಬಾರದ್ದು ನಡೆದಿಲ್ಲ. ಇನ್ನೂ ಮುಖ್ಯವಾದ ಮಾತು: ಮೇ ಮೂವತ್ತೊಂದರ ಸಂಜೆ ಐದು ಗಂಟೆ ಒಂದು ನಿಮಿಷಕ್ಕೆ ಹಾರ್ಲನ್‌ಬರಿ ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿಯ ಒಂದು ಭಾಗ ಉಳಿದಿತ್ತು. ವಿದ್ಯಾರ್ಥಿಯಿರುವ ಕಾಲೇಜು ಮುಚ್ಚಿದ ಕಾಲೇಜಲ್ಲ. ಎಷ್ಟು ಭಾಗ ಇರಬೇಕೆಂದು ನಿಯಮಾವಳಿಯಲ್ಲಿ ಎಲ್ಲೂ ಹೇಳಿಲ್ಲ.

ಏಳು ಕಾಲೇಜುಗಳ ತುರ್ತು ಸಭೆ ನಡೆಯಿತು. ಬಳಸಿದ ಒಂದು ವರ್ಷ ಹಾರ್ಲನ್‌ಬರಿಗೆ, ಬಳಸದ ಮೂರು ವರ್ಷ ಸೇಂಟ್ ವೆಂಡೆಲಿನ್‌ಗೆ ಎಂಬ ಹಂಚಿಕೆಗೆ ಸಿಸ್ಟರ್ ಬರ್ನಿಟಾ ಸಂತೋಷದಿಂದ ಒಪ್ಪಿದರು. "ಹಳೇದು ಅವರೇ ಇಟ್ಕೊಳ್ಳಲಿ. ನಮ್ಮ ಹುಡುಗರು ಆಗ ಹುಟ್ಟೇ ಇರ್ಲಿಲ್ಲ," ಎಂದರು. ಆರ್ಮ್‌ಬ್ರಸ್ಟರ್ ವಿರೋಧಿಸಬಹುದೆಂದು ಎಲ್ಲರೂ ಕಾದರು. ಕೋಚ್ ಮೋಲ್‌ಮನ್ ಎದ್ದು ನಿಂತರು.

"ಮೂಗಿಗೆ ಸೋತ್ವಿ ಅಂತ ಹೇಳ್ಕೊಂಡು ಬದುಕಬಹುದು. ಸೋಯಾಗೆ ಸೋತ್ವಿ ಅಂತ ಗೋಡೆ ಮೇಲೆ ಕೆತ್ತಿಸೋಕಾಗಲ್ಲ. ನಮ್ಮ ಮತ ಮೂಗಿಗೆ."

ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ನಾನು ಹೊಸ ಪುಟ ತೆಗೆದು ಮಸಿಯಲ್ಲಿ ಬರೆದೆ: "೧೯೬೧. ಚಾಂಪಿಯನ್: ಹಾರ್ಲನ್‌ಬರಿ ಕಾಲೇಜು. ಹಾರ್ಲನ್‌ಬರಿ ೭, ಆರ್ಮ್‌ಬ್ರಸ್ಟರ್ ೬. ಒದೆತ ತಡೆದವರು: ಟ್ವೆಡ್." ವರ್ಲಿನ್ ಕನ್ನಡಕ ಏರಿಸಿ ಓದಿದರು. ಹೆಸರಿನ ಮೇಲೆ ಬೆರಳಾಡಿಸಲು ಹೋದರು. ಮಸಿ ಆರಿಲ್ಲವೆಂದು ನಾನು ತಡೆದೆ. ಗೇಲನ್ ಎರಡು ಬಾರಿ ಓದಿದರು.

"'ನೆಟ್ಟಗೆ ಹೋಗುತ್ತಿದ್ದ' ಅಂತ ಒಂದು ಮಾತು ಸೇರಿಸ್ರಿ."

ನಾನು ವರ್ಲಿನ್ ಕಡೆ ನೋಡಿದೆ.

"ಸೇರಿಸಿ," ಎಂದರು ವರ್ಲಿನ್. "ಹೋಗ್ತಿತ್ತು. ಇಲ್ದಿದ್ರೆ ನಾನ್ಯಾಕೆ ಹಾರ್ತಿದ್ದೆ?"

ಈಗ ಒಕ್ಕೂಟದಲ್ಲಿ ಮೊದಲಿನಂತೆ ಎಂಟು ಸದಸ್ಯರಿದ್ದಾರೆ. ಜನವರಿಯ ವಾರ್ಷಿಕ ಸಭೆಯ ನಡಾವಳಿಯಿಂದ ಸಂಬಂಧಪಟ್ಟ ಭಾಗವನ್ನು ಇಲ್ಲಿ ಕೊಡುತ್ತೇನೆ:

"ಏಳು ಕಾಲೇಜುಗಳು ಹಾಜರು. ನೆಗಡಿಯಾಗಿರುವ ಕಾರಣ ಹಾರ್ಲನ್‌ಬರಿ ಕಾಲೇಜು ಗೈರುಹಾಜರು. ಸದರಿ ಕಾಲೇಜಿನ ರಜೆಚೀಟಿಯನ್ನು ಶ್ರೀ ಗೇಲನ್ ಸ್ಟಾಕ್ ಅವರು ಖುದ್ದಾಗಿ ತಂದು ಸಲ್ಲಿಸಿದರು. ಕಾಲೇಜು ರಾತ್ರಿಯೆಲ್ಲ ಕಟ್ಟಿಕೊಂಡಿತ್ತೆಂದೂ, ಬೆಳಗಿನಿಂದ ಸ್ವಲ್ಪ ಸಡಿಲವಾಗಿದೆಯೆಂದೂ ಸಭೆಗೆ ತಿಳಿಸಿದರು. ಕಾಲೇಜು ಶೀಘ್ರ ಗುಣಮುಖವಾಗಲೆಂದು ಆರ್ಮ್‌ಬ್ರಸ್ಟರ್ ಸೂಚಿಸಿತು, ಸೇಂಟ್ ವೆಂಡೆಲಿನ್ ಅನುಮೋದಿಸಿತು. ರಜೆ ಮಂಜೂರಾಯಿತು. ಸಭೆ ಮುಂದಿನ ವಿಷಯವನ್ನು ಕೈಗೆತ್ತಿಕೊಂಡಿತು."